ಬರಹ ಸವೆದ ಹಳೆಯ ನಾಣ್ಯವನ್ನು ಗುರುತಿಸುವ ಕ್ರಮ

ಬರಹ ಸವೆದುಹೋದ ನಾಣ್ಯವೊಂದು ಕೈಗೆ ಬಂದಾಗ ಅದರ ಅಕ್ಷರಗಳನ್ನು ಓದಲು ಕೂಡಲೇ ತೊಡಗುವುದು ಸಹಜವಾದರೂ, ಓದುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ. ಅರ್ಧ ಅಳಿಸಿದ ಗೆರೆಗಳಲ್ಲಿ ಕಣ್ಣು ತಾನು ಬಯಸಿದ ಹೆಸರನ್ನೇ ಕಾಣುತ್ತದೆ. ತೂಕ, ಅಳತೆ, ಲೋಹಗಳು ನಮ್ಮ ಬಯಕೆಗೆ ಬಾಗುವುದಿಲ್ಲ. ಎಲ್ಲಕ್ಕಿಂತ ಮೊದಲು, ನಾಣ್ಯವನ್ನು ಹುಳಿ ಪದಾರ್ಥದಿಂದಾಗಲಿ ಪಾಲಿಶಿನಿಂದಾಗಲಿ ಉಜ್ಜಲೇಬಾರದು. ಮೇಲೆ ಕಟ್ಟಿದ ಕಪ್ಪು ಅಥವಾ ಹಸಿರು ಪದರದಲ್ಲೇ ಎಷ್ಟೋ ಸಲ ಅಕ್ಷರದ ಕೊನೆಯ ಗುರುತು ಉಳಿದಿರುತ್ತದೆ; ಪದರ ಹೋದರೆ ಅದೂ ಹೋಗುತ್ತದೆ. ಸಡಿಲವಾದ ಮಣ್ಣಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಒತ್ತಿ ಒರೆಸದೆ ಒಣಗಲು ಬಿಟ್ಟರೆ ಸಾಕು.

ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಯಲ್ಲಿ ತೂಕವನ್ನೂ, ಕ್ಯಾಲಿಪರಿನಿಂದ ವ್ಯಾಸ ಮತ್ತು ದಪ್ಪವನ್ನೂ ಬರೆದುಕೊಳ್ಳಿ. ಸವೆತದಿಂದ ತೂಕ ಇಳಿಯುತ್ತದೆಯೇ ಹೊರತು ಏರುವುದಿಲ್ಲವಾದ್ದರಿಂದ, ನಿಮಗೆ ಸಿಕ್ಕ ಅಂಕಿಗೆ ಸಮನಾದ ಅಥವಾ ತುಸು ಹೆಚ್ಚಿನ ಮೂಲತೂಕವನ್ನು ಹುಡುಕಬೇಕು. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯ ಮೂಲತೂಕ 11.66 ಗ್ರಾಂ, ಐದು ಮುದ್ರೆಗಳನ್ನು ಒತ್ತಿದ, ಬರಹವೇ ಇಲ್ಲದ ಪ್ರಾಚೀನ ಬೆಳ್ಳಿ ನಾಣ್ಯಗಳು ಸುಮಾರು 3.4 ಗ್ರಾಂ ತೂಗುತ್ತವೆ. ಲೋಹದ ಬಗ್ಗೆ ಅನುಮಾನವಿದ್ದರೆ ಸಾಂದ್ರತೆ ನೋಡಬಹುದು. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ದಾರಕ್ಕೆ ಕಟ್ಟಿದ ನಾಣ್ಯವನ್ನು ತಳ ಮುಟ್ಟದಂತೆ ಮುಳುಗಿಸಿದಾಗ ಹೆಚ್ಚುವ ಅಂಕಿಯಿಂದ ಒಣತೂಕವನ್ನು ಭಾಗಿಸಬೇಕು. ಶುದ್ಧ ಬೆಳ್ಳಿಗೆ 10.49, ತಾಮ್ರಕ್ಕೆ 8.96 ಸಮೀಪದ ಉತ್ತರ ಬರುತ್ತದೆ. ನಾಣ್ಯ ಚಿಕ್ಕದಾದಷ್ಟೂ ಈ ಲೆಕ್ಕವನ್ನು ಕಡಿಮೆ ನಂಬಬೇಕು.

ಇನ್ನು ಬೆಳಕಿನ ಕೆಲಸ. ಇದಕ್ಕೆ ಎಷ್ಟು ತಾಳ್ಮೆ ಕೊಟ್ಟರೂ ಹೆಚ್ಚಲ್ಲ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಇಳಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಬೋಳಾಗಿ ಕಂಡ ಜಾಗದಲ್ಲಿ ಕೂದಲೆಳೆಯಷ್ಟು ಉಬ್ಬಿದ ಗೆರೆಯೂ ಆಗ ನೆರಳು ಬೀಳಿಸುತ್ತದೆ. ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆ ಮಾತ್ರ ಕಾಣದೇ ಉಳಿಯುವುದರಿಂದ, ನಾಣ್ಯವನ್ನು ಕದಲಿಸದೆ ಟಾರ್ಚನ್ನಷ್ಟೇ ಸುತ್ತಲೂ ಸರಿಸುತ್ತ ಎಂಟು ದಿಕ್ಕುಗಳಿಂದ ಫೋಟೊ ತೆಗೆದು, ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು.

ಕಾಣದ ಅಕ್ಷರವೆಲ್ಲ ಸವೆದುಹೋದದ್ದೇ ಎಂದು ತಿಳಿಯಬಾರದು. ಕೈಯಿಂದ ಟಂಕಿಸಿದ ನಾಣ್ಯಗಳಲ್ಲಿ ಅಚ್ಚು ಲೋಹದ ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದು ಸಾಮಾನ್ಯ; ಹಾಗಾಗಿ ಬರಹದ ಒಂದು ಪಾಲು ಅದರ ಮೇಲೆ ಮೂಡಿರುವುದೇ ಇಲ್ಲ. ಅಂಥ ಕಡೆ ಅದೇ ಬಗೆಯ ಬೇರೆ ನಾಣ್ಯಗಳ ತುಣುಕು ಬರಹಗಳನ್ನು ಜೋಡಿಸಿಯೇ ಪೂರ್ಣ ಪಾಠ ಪಡೆಯಬೇಕಾಗುತ್ತದೆ.

ಅಕ್ಷರ ಕೈಕೊಟ್ಟರೂ ಚಿತ್ರದ ಹೊರರೇಖೆ ನೆರವಾಗುತ್ತದೆ. ಬ್ರಿಟಿಷ್ ಇಂಡಿಯಾದ ನಾಣ್ಯಗಳಲ್ಲಿ ವಿಕ್ಟೋರಿಯಾ ಮುಖ ನೋಡುಗನ ಎಡಕ್ಕೂ, ಏಳನೆಯ ಎಡ್ವರ್ಡನ ಮುಖ ಬಲಕ್ಕೂ, ಐದನೆಯ ಜಾರ್ಜನ ಮುಖ ಮತ್ತೆ ಎಡಕ್ಕೂ ಇದೆ. ವಿಕ್ಟೋರಿಯಾ ಹೆಸರಿನ ಜೊತೆ ಮೊದಲು ‘ಕ್ವೀನ್’ ಎಂದಿದ್ದದ್ದು 1877ರಿಂದ ‘ಎಂಪ್ರೆಸ್’ ಎಂದಾಯಿತು. ಆದ್ದರಿಂದ ಆ ಪದದ ಒಂದೆರಡು ಅಕ್ಷರ ಉಳಿದಿದ್ದರೂ ಕಾಲದ ಒಂದು ಎಲ್ಲೆ ಗೊತ್ತಾಗುತ್ತದೆ.

ಅರಬ್ಬಿ ಲಿಪಿಯ ನಾಣ್ಯಗಳಲ್ಲಿ ಇಸವಿಯನ್ನು ಓದುವಾಗ ವಿಶೇಷ ಎಚ್ಚರ ಬೇಕು. ಅಲ್ಲಿ ಸೊನ್ನೆ ಬರಿಯ ಚುಕ್ಕೆಯಾದ್ದರಿಂದ ಮೊದಲು ಅಳಿಸುವುದು ಅದೇ. ಎರಡು ಮತ್ತು ಮೂರರ ಅಂಕಿಗಳಲ್ಲಿ ವ್ಯತ್ಯಾಸವಿರುವುದು ಮೇಲಿನ ಒಂದು ಹಲ್ಲಿನಲ್ಲಿ ಮಾತ್ರ. ಇಸ್ಲಾಮಿ ಚಾಂದ್ರಮಾನದ ಹಿಜರಿ ವರ್ಷದಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ಕ್ರಿಸ್ತಶಕ ಹೆಚ್ಚುಕಡಿಮೆ ದೊರೆಯುತ್ತದೆ: ಹಿಜರಿ 1200 ಎಂದರೆ 1785–86. ಟಿಪ್ಪು ಸುಲ್ತಾನ ತಾನೇ ಜಾರಿಗೆ ತಂದ ಮೌಲೂದಿ ಎಂಬ ಶಕೆಯ ನಾಣ್ಯಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಈಗ ಕಂಡ ಅಕ್ಷರಗಳನ್ನಷ್ಟೇ ಬರೆದು, ಕಾಣದ ಕಡೆ ಚುಕ್ಕೆಯಿಟ್ಟು, ಊಹೆಯನ್ನು ಬೇರೆ ಸಾಲಿನಲ್ಲಿ ದಾಖಲಿಸಿ. ಆಮೇಲಷ್ಟೇ ಕ್ಯಾಟಲಾಗಿನ ಚಿತ್ರಗಳೊಂದಿಗೆ ಹೋಲಿಸಿ. ಹೆಸರು ಹೊಂದಿ ತೂಕ ಹೊಂದದಿದ್ದರೆ ಓದಿದ್ದನ್ನೇ ಮೊದಲು ಸಂಶಯಿಸಬೇಕು. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ಜೊತೆಗೆ ದೇವರ ಚಿತ್ರವಿರುವ ತಾಮ್ರದ ಬಿಲ್ಲೆ ಸಿಕ್ಕರೆ ಅದು ಚಲಾವಣೆಯ ನಾಣ್ಯವಲ್ಲ, ನಂತರದ ಕಾಲದಲ್ಲಿ ಮಾಡಿದ ಕಲ್ಪಿತ ವಸ್ತು. ಎಷ್ಟೇ ಸವೆದಿದ್ದರೂ ಅದನ್ನು ಬದಿಗಿಡಬಹುದು.