ಯೆಶಾಯನ ಲಿವ್ಯಾತಾನ್ ಸರ್ಪವನ್ನು ಓದುವ ಬಗೆ

ಹೀಬ್ರೂ ಪ್ರವಾದಿಗಳ ಪ್ರಳಯಕಾವ್ಯವನ್ನು ಓದಲು ಹೊರಟವರು ಬೈಬಲಿನ ಯೆಶಾಯ ಗ್ರಂಥದ 24ರಿಂದ 27ರವರೆಗಿನ ಅಧ್ಯಾಯಗಳಿಂದ ತೊಡಗುವುದು ಒಳ್ಳೆಯದು. ಆ ನಾಲ್ಕು ಅಧ್ಯಾಯಗಳನ್ನು ಮೊದಲು ಒಂದೇ ಬಾರಿಗೆ ಗಟ್ಟಿಯಾಗಿ ಓದಿಕೊಳ್ಳಿ. ಇದೆಲ್ಲ ಯಾವ ವರ್ಷ ನಡೆಯುತ್ತದೆ ಎಂದು ಲೆಕ್ಕ ಹಾಕಲು ಹೋಗಬೇಡಿ. 24ನೆಯ ಅಧ್ಯಾಯದಲ್ಲಿ ಹಾಳುಬಿದ್ದ ಪಟ್ಟಣ ಯಾವುದೆಂಬುದನ್ನೇ ಕವಿ ಹೇಳಿಲ್ಲ.

ಅನಂತರ 27ನೆಯ ಅಧ್ಯಾಯದ ಮೊದಲ ವಚನದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಆ ದಿನದಲ್ಲಿ ದೇವರು ತನ್ನ ದೊಡ್ಡ ಖಡ್ಗದಿಂದ ಲಿವ್ಯಾತಾನ್ ಎಂಬ ಓಡುವ ಸರ್ಪವನ್ನು, ಸುರುಳಿ ಸುತ್ತುವ ಸರ್ಪವನ್ನು ದಂಡಿಸುವನೆಂದು ಅಲ್ಲಿದೆ. ಹೀಬ್ರೂ ಬಾರದವರೂ 'ನಾಹಾಶ್ ಬಾರೀಹ' (ಓಡುವ ಸರ್ಪ), 'ನಾಹಾಶ್ ಅಕಲ್ಲಾತೋನ್' (ಸುರುಳಿ ಸುತ್ತುವ ಸರ್ಪ) ಎಂಬ ಎರಡು ನುಡಿಗಳನ್ನು ಬರೆದಿಟ್ಟುಕೊಳ್ಳಬೇಕು. ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಲ್ಲಿ ಆರಂಭವಾದ ಉತ್ಖನನದಲ್ಲಿ ದೊರೆತ ಉಗಾರಿತ್ ನಗರದ ಮಣ್ಣಿನ ಫಲಕಗಳಲ್ಲಿ, ಬಾಳ್ ದೇವತೆ ಕೊಂದ ಏಳು ತಲೆಯ ಹಾವಿಗೂ ಇವೇ ಎರಡು ವಿಶೇಷಣಗಳಿವೆ. ಉಗಾರಿತ್ ನಾಶವಾದದ್ದು ಕ್ರಿ.ಪೂ. 1200ರ ಸುಮಾರಿಗೆ, ಯೆಶಾಯನಿಗಿಂತ ಶತಮಾನಗಳ ಹಿಂದೆ. ಆದ್ದರಿಂದ ಕವಿ ಆ ಫಲಕವನ್ನು ನೋಡಿ ಬರೆದನೆಂದು ತಿಳಿಯದೆ, ಆ ಸೀಮೆಯ ಹಾಡುಗಾರರ ಬಾಯಲ್ಲಿ ಉಳಿದುಬಂದ ನುಡಿಕಟ್ಟು ಇದೆಂದು ತಿಳಿಯಿರಿ.

ಇನ್ನು ಕ್ರಿಯಾಪದಗಳ ಕಾಲವನ್ನು ಗಮನಿಸಿ. ನನ್ನ ಮಟ್ಟಿಗೆ ಇಡೀ ಓದಿನ ತಿರುಳು ಇಲ್ಲಿದೆ. ಉಗಾರಿತಿನ ಕಥೆಯಲ್ಲಿ ಹಾವಿನ ವಧೆ ಆಗಿಹೋದ ಸಂಗತಿ, ಬೈಬಲಿನ 74ನೆಯ ಕೀರ್ತನೆಯಲ್ಲಿಯೂ ದೇವರು ಲಿವ್ಯಾತಾನನ ತಲೆಗಳನ್ನು ಪೂರ್ವದಲ್ಲೇ ಜಜ್ಜಿಬಿಟ್ಟಿದ್ದಾನೆ. ಯೆಶಾಯದಲ್ಲಿ ಮಾತ್ರ ಅದೇ ವಧೆ ಇನ್ನು ಮುಂದೆ ನಡೆಯಬೇಕಾಗಿದೆ; ಲೋಕದ ಆದಿಯ ಕಥೆಯನ್ನು ಕವಿ ಲೋಕದ ಅಂತ್ಯಕ್ಕೆ ಸಾಗಿಸಿದ್ದಾನೆ.

ಯೆಶಾಯದ 25ನೆಯ ಅಧ್ಯಾಯದ 8ನೆಯ ವಚನವನ್ನೂ ಹೀಗೆಯೇ ಓದಿ. ಉಗಾರಿತಿನಲ್ಲಿ ಮೋತ್, ಅಂದರೆ ಮೃತ್ಯು, ಒಂದು ತುಟಿಯನ್ನು ಭೂಮಿಗೂ ಇನ್ನೊಂದನ್ನು ಆಕಾಶಕ್ಕೂ ಚಾಚಿ ಬಾಳನನ್ನು ನುಂಗುತ್ತಾನೆ. ಯೆಶಾಯದಲ್ಲಿ ದೇವರೇ ಮೃತ್ಯುವನ್ನು ನುಂಗಿ, ಎಲ್ಲರ ಮುಖಗಳ ಕಣ್ಣೀರನ್ನು ಒರೆಸುತ್ತಾನೆ.

ಈ ಅಭ್ಯಾಸವಾದ ಮೇಲೆ ಇನ್ನೊಬ್ಬ ಪ್ರವಾದಿ ಯೆರೆಮೀಯನ ಗ್ರಂಥದ 4ನೆಯ ಅಧ್ಯಾಯದ 23–26ನೆಯ ವಚನಗಳಿಗೆ ಹೋಗಿ. ಅಲ್ಲಿ ಪ್ರವಾದಿ ನಾಲ್ಕು ಸಲ 'ನೋಡಿದೆನು' ಎನ್ನುತ್ತಾನೆ, ಮತ್ತು ಅವನು ಕಂಡ ಭೂಮಿಗೆ ಬೈಬಲಿನ ಸೃಷ್ಟಿಕಥೆಯಿರುವ ಆದಿಕಾಂಡದ ಎರಡನೆಯ ವಚನದ 'ತೋಹು ವಾವೋಹು' (ರೂಪವಿಲ್ಲದ್ದು, ಬರಿದಾದದ್ದು) ಎಂಬ ಮಾತನ್ನೇ ಬಳಸುತ್ತಾನೆ. ಬರಲಿರುವ ನಾಶ ಅಲ್ಲಿ ಕಣ್ಣಾರೆ ಕಂಡಾಗಿರುವಂತೆ ಭೂತಕಾಲದಲ್ಲಿದೆ. ಆದರೆ ಅಲ್ಲಿಗೇ ಓದು ನಿಲ್ಲಿಸಬೇಡಿ, ಏಕೆಂದರೆ ದೇಶವನ್ನು ಪೂರ್ತಿಯಾಗಿ ಮುಗಿಸಿಬಿಡುವುದಿಲ್ಲ ಎಂಬ ಮಾತು 27ನೆಯ ವಚನದಲ್ಲಿದೆ.