ಸಭೆಯ ರಿಜಿಸ್ಟರಿನಿಂದ ಸಂಶೋಧನಾ ಲೇಖನದವರೆಗೆ: ನನ್ನ ಅನುಭವ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕ್ರೈಸ್ತ ಸಭೆಗಳ (ಚರ್ಚುಗಳ) ಸೇವೆಯಲ್ಲಿರುವವರು ಸಂಶೋಧನಾ ಲೇಖನ ಬರೆಯಲು ಕೂತರೆ ವಿಷಯ ಹುಡುಕಿಕೊಂಡು ಬೆಂಗಳೂರಿನ ಲೈಬ್ರರಿಗೆ ಹೊರಡುತ್ತಾರೆ. ನಾನು ಶುರುಮಾಡಿದ್ದು ಸಭೆಯ ಬೀರುವಿನಿಂದ. ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು, ಕಮಿಟಿಯ ನಡಾವಳಿ ಪುಸ್ತಕ: ಬೇರೆ ಯಾವ ಸಂಶೋಧಕರ ಕೈಗೂ ಸುಲಭಕ್ಕೆ ಸಿಗದ ದಾಖಲೆಗಳು ಇವು.

ಮೊದಲ ಕೆಲಸ ಪ್ರಶ್ನೆಯನ್ನು ಕಿರಿದು ಮಾಡುವುದು. ‘ನಮ್ಮ ಸೀಮೆಯಲ್ಲಿ ಸುವಾರ್ತಾ ಸೇವೆ’ ಎಂಬುದು ಪ್ರಶ್ನೆಯೇ ಅಲ್ಲ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದ ನಂತರ ಈ ಸಭೆಗೆ ಸೇರಿದವರು ಒಬ್ಬೊಬ್ಬರಾಗಿ ಬಂದರೇ, ಮನೆಮಂದಿಯೆಲ್ಲ ಒಟ್ಟಿಗೆ ಬಂದರೇ? ಇದು ಪ್ರಶ್ನೆ. ಒಂದೇ ತಾರೀಕು, ಒಂದೇ ಊರು, ಒಂದೇ ತಂದೆಯ ಹೆಸರು ಸಾಲಾಗಿ ಕಂಡರೆ ಉತ್ತರ ರಿಜಿಸ್ಟರಿನಲ್ಲೇ ಸಿಗುತ್ತದೆ.

ಪುಟಗಳನ್ನು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು, ಪುಟಸಂಖ್ಯೆಯನ್ನೇ ಫೈಲಿನ ಹೆಸರಾಗಿಟ್ಟೆ. ಆಮೇಲೆ ಎಕ್ಸೆಲ್ಲಿಗೆ ಇಳಿಸಿದೆ: ಕ್ರಮಸಂಖ್ಯೆ, ತಾರೀಕು, ಹೆಸರು, ವಯಸ್ಸು, ತಂದೆತಾಯಿ, ಊರು, ಕಸುಬು. ಹೆಸರಿಗೆ ಮಾತ್ರ ಎರಡು ಕಾಲಂ ಬೇಕು. ಒಂದರಲ್ಲಿ ರಿಜಿಸ್ಟರಿನಲ್ಲಿ ಇದ್ದಂತೆಯೇ, ಇನ್ನೊಂದರಲ್ಲಿ ಸರಿಪಡಿಸಿದ ರೂಪ. ಮುನೆಮ್ಮ ಒಂದು ಕಡೆ ಮುನಿಯಮ್ಮ ಆಗಿರುತ್ತಾಳೆ, ಮದುವೆ ರಿಜಿಸ್ಟರಿಗೆ ಬರುವಷ್ಟರಲ್ಲಿ ಮೇರಿ ಆಗಿರುತ್ತಾಳೆ. ಹೆಸರೊಂದನ್ನೇ ನೋಡಿ ಸೇರಿಸಿದರೆ ಇಬ್ಬರು ಒಬ್ಬರಾಗುತ್ತಾರೆ, ಒಬ್ಬರು ಇಬ್ಬರಾಗುತ್ತಾರೆ. ತಂದೆಯ ಹೆಸರು, ಊರು, ವಯಸ್ಸು ಮೂರೂ ಹೊಂದಿದರೆ ಮಾತ್ರ ಸೇರಿಸಬೇಕು.

ರಿಜಿಸ್ಟರು ಬಂದವರನ್ನು ಹೇಳುತ್ತದೆ, ಬಿಟ್ಟುಹೋದವರನ್ನು ಹೇಳುವುದಿಲ್ಲ. ಅದಕ್ಕೆ ಮಿಷನರಿಗಳ ವರದಿ ಬೇಕು. ಲಂಡನ್ ಮಿಷನ್ನಿನ (ಲಂಡನ್ ಮಿಷನರಿ ಸೊಸೈಟಿಯ) ಮೂಲ ಕಾಗದಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಸೋವಾಸ್ (SOAS) ಗ್ರಂಥಾಲಯದಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲೂ ಸಭೆ, ಮಿಷನ್ನುಗಳ ದಾಖಲೆಗಳಿವೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಊರ ಹೆಸರಿನ ಕಾಗುಣಿತ ಈಗಿನಂತಿಲ್ಲ. ಕೋಲಾರವನ್ನು ‘ಸಿ’ಯಿಂದಲೂ, ತುಮಕೂರನ್ನು ಎರಡು ಜೋಡಿ ‘ಓ’ ಹಾಕಿಯೂ ಹುಡುಕಬೇಕು. ವರದಿಗಳನ್ನು ಬರೆದದ್ದು ಹಣ ಕಳಿಸುವ ವಿಲಾಯಿತಿಯ ಓದುಗರಿಗಾಗಿ ಎಂಬುದು ನೆನಪಿರಲಿ. ಅಲ್ಲಿನ ಪ್ರತಿ ಸಂಖ್ಯೆಯನ್ನೂ ರಿಜಿಸ್ಟರಿಗೆ ತಾಳೆ ಹಾಕದೆ ಬಳಸಲಿಲ್ಲ.

ಹಿರಿಯರನ್ನು ಮಾತಾಡಿಸುವಾಗ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದೆ. ಈ ಸೀಮೆಯಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳುತ್ತದೆ. ಆಡಿದ ಮಾತನ್ನು ಹಾಗೇ ಬರೆದುಕೊಂಡು ಅನುವಾದವನ್ನು ಪಕ್ಕದಲ್ಲಿಡಬೇಕು. ನೇರ ಇಂಗ್ಲಿಷಿಗೆ ಇಳಿಸಿದರೆ ಆಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹೆಸರುಗಳ ವಿಷಯದಲ್ಲಿ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಆ ಸ್ಥಾನಮಾನ ಇಲ್ಲ. ನಾವು ಅಚ್ಚು ಹಾಕಿಸಿದ ಒಂದು ಹೆಸರು ನಾಳೆ ಯಾರದೋ ಮೊಮ್ಮಗಳ ಜಾತಿ ಪ್ರಮಾಣಪತ್ರದ ತಕರಾರಿಗೆ ಸಾಕ್ಷಿಯಾಗಬಹುದು. ಬದುಕಿರುವ ಕುಟುಂಬಗಳ ಹೆಸರು, ಊರು ಎರಡನ್ನೂ ಬದಲಿಸಿ, ಬದಲಿಸಿದ್ದೇನೆಂದು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿದೆ. ಸೇವೆಯಲ್ಲಿರುವವರು ಇದರಲ್ಲಿ ರಾಜಿಯಾಗಬಾರದು.

ಬರೆಯುವಾಗ ಕಾಡುವುದು ಪ್ರಸಂಗದ, ಅಂದರೆ ಆರಾಧನೆಯ ಉಪದೇಶದ, ರೂಢಿ. ಪ್ರಸಂಗದಲ್ಲಿ ಬೈಬಲ್ ವಾಕ್ಯ ಓದಿ, ಉದಾಹರಣೆ ಕೊಟ್ಟು, ಕೊನೆಗೆ ಕರೆ ಕೊಡುತ್ತೇವೆ. ಲೇಖನದಲ್ಲಿ ವಾದ ಮೊದಲ ಪುಟದಲ್ಲೇ ಇರಬೇಕು. ‘ದೇವರು ಈ ಊರನ್ನು ಅದ್ಭುತವಾಗಿ ನಡೆಸಿದನು’ ಎಂಬ ಸಾಲನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಲೇಖನದಲ್ಲಿ ಅದು ‘ಸಭಿಕರು ಇದನ್ನು ದೇವರ ನಡೆಸುವಿಕೆ ಎಂದು ನೆನೆಯುತ್ತಾರೆ’ ಎಂದಾಗಬೇಕು, ಪಕ್ಕದಲ್ಲಿ ಹೇಳಿದವರ ಸಂದರ್ಶನದ ಗುರುತು ಇರಬೇಕು. ಅಡಿಟಿಪ್ಪಣಿಯನ್ನು ಕೊನೆಗೆಂದು ಬಿಡಬೇಡಿ. ಸಂಪುಟ, ಕ್ರಮಸಂಖ್ಯೆ, ತಾರೀಕನ್ನು ಟಿಪ್ಪಣಿ ಮಾಡಿಕೊಳ್ಳುವಾಗಲೇ ಹಾಕಿ. ಪುಸ್ತಕಗಳ ವಿವರ ಜೋಡಿಸಿಡಲು ಜೊಟೆರೊ ಎಂಬ ತಂತ್ರಾಂಶ ಸಾಕು, ಅದು ಉಚಿತ. ಹಳೆಯ ನುಡಿ ಫಾಂಟಿನಲ್ಲಿರುವ ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ಕಳಿಸಿ.

ಲೇಖನಕ್ಕೆ ಸಾಮಾನ್ಯವಾಗಿ 5000ದಿಂದ 7000 ಪದ, ಸಾರಾಂಶಕ್ಕೆ 150–250 ಪದ. ‘ಬ್ಯಾಂಗಲೋರ್ ಥಿಯಾಲಾಜಿಕಲ್ ಫೋರಮ್’, ‘ಇಂಡಿಯನ್ ಚರ್ಚ್ ಹಿಸ್ಟರಿ ರಿವ್ಯೂ’ ಥರದ ಪತ್ರಿಕೆಗಳ ಇತ್ತೀಚಿನ ಸಂಚಿಕೆಗಳನ್ನು ಓದಿ, ನಿಮ್ಮ ವಿಷಯ ಅಲ್ಲಿಗೆ ಸಲ್ಲುತ್ತದೆಯೇ ನೋಡಿ. ಒಂದು ಸಲಕ್ಕೆ ಒಂದೇ ಪತ್ರಿಕೆಗೆ ಕಳಿಸಬೇಕು. ಹೆಸರು ಮುಚ್ಚಿಟ್ಟು ಪರಿಶೀಲಿಸುವ ಪತ್ರಿಕೆಯಾದರೆ ಫೈಲಿನ ಪ್ರಾಪರ್ಟೀಸ್‌ನಿಂದಲೂ ಹೆಸರು ತೆಗೆಯಿರಿ. ವಾರದೊಳಗೆ ‘ಸ್ವೀಕೃತ’ ಎಂದು ಬರೆದು ಹಣ ಕೇಳುವವರನ್ನು ನಂಬಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಸಂಪಾದಕ ಮಂಡಳಿ, ಪತ್ರಿಕೆಯ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್, ಹಿಂದಿನ ಸಂಚಿಕೆಗಳನ್ನು ನಾವೇ ತಪಾಸಣೆ ಮಾಡಬೇಕು.

ಪರಿಶೀಲಕರ ಅಭಿಪ್ರಾಯ ಬಂದಾಗ ಎರಡು ಕಾಲಂ ಹಾಕಿಕೊಂಡೆ: ಅವರ ಮಾತು, ನಾನು ಮಾಡಿದ ಬದಲಾವಣೆ ಪುಟಸಂಖ್ಯೆ ಸಮೇತ. ಒಪ್ಪದ ಕಡೆ ಕಾರಣ ಬರೆದೆ. ಒಂದನ್ನೂ ಉತ್ತರವಿಲ್ಲದೆ ಬಿಡಲಿಲ್ಲ.

ಲೇಖನದ ಕಾಪಿರೈಟ್ ಹಕ್ಕುಪತ್ರಕ್ಕೆ ಸಹಿ ಹಾಕುವ ಮುಂಚೆ ಅನುವಾದದ ಹಕ್ಕು ಯಾರ ಬಳಿ ಉಳಿಯುತ್ತದೆ ಎಂದು ಓದಿ ನೋಡಿ. ಅದು ನಿಮ್ಮಲ್ಲಿ ಉಳಿದರೆ ಕನ್ನಡದಲ್ಲಿ ನಾಲ್ಕು ಪುಟದ ರೂಪ ಮಾಡಿ, ರಿಜಿಸ್ಟರಿನ ಫೋಟೊಗಳ ಒಂದು ಪ್ರತಿಯ ಜೊತೆ ಸಭೆಯ ಕಮಿಟಿಗೆ ಒಪ್ಪಿಸಬಹುದು.