ಗ್ರಾಮಸಭೆಯ ಸಹಿ ಪುಸ್ತಕ ಮತ್ತು ನನ್ನ ಬಿ.ಎ.

ಬಿ.ಎ.ಗೆ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತೆಗೆದುಕೊಂಡಾಗ ಚಿಕ್ಕಪ್ಪ ಕೇಳಿಯೇಬಿಟ್ಟರು: ‘ರಾಜ್ಯಶಾಸ್ತ್ರ ಓದಿ ಎಮ್ಮೆಲ್ಲೆ ಆಗ್ತೀಯೇನಮ್ಮ?’

ಎಮ್ಮೆಲ್ಲೆ ಆಗಲಿಲ್ಲ. ಪಂಚಾಯತಿ ಮೆಂಬರ್ ಆದೆ. ನಮ್ಮ ರಾಜ್ಯದಲ್ಲಿ ಪಂಚಾಯತಿಯ ಅರ್ಧ ಸೀಟು ಹೆಂಗಸರಿಗೆ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಕಾಲದ 1983ರ ಕಾಯ್ದೆಯಲ್ಲಿ ಅದು ಶೇ. 25 ಇತ್ತು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಾನೇ ಆ ಸೀಟಲ್ಲಿ ಕೂರುತ್ತೇನೆ ಅಂದುಕೊಂಡಿರಲಿಲ್ಲ.

ಮೊದಲ ಗ್ರಾಮಸಭೆ. ಶಾಲೆಯ ಜಗುಲಿಯಲ್ಲಿ ಮೂವತ್ತೋ ಮೂವತ್ತೈದೋ ಜನ. ಟೀ, ಬಿಸ್ಕತ್ತು, ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ಹಾಜರಾತಿ ಪುಸ್ತಕ ಮನೆಮನೆಗೆ ಹೊರಟಿತು, ಬಾರದವರ ಸಹಿಗೆ. ‘ಮೊದಲಿಂದ ಹೀಗೇ’ ಎಂದರು.

ನಮ್ಮ ಮೇಷ್ಟ್ರು ಯಾವ ಪಾಠ ಮಾಡಿದರೂ ಒಂದೇ ಪ್ರಶ್ನೆ ಹಾಕುತ್ತಿದ್ದರು: ‘ತೀರ್ಮಾನ ಮಾಡೋ ಅಧಿಕಾರ ಯಾರದ್ದು? ಅವರಿಗೆ ಕೊಟ್ಟಿದ್ದು ಯಾರು?’ ಪ್ಲೇಟೋ, ಅರಿಸ್ಟಾಟಲ್ ಎಲ್ಲ ಮರೆತೇಹೋಗಿದೆ. ಈ ಪ್ರಶ್ನೆ ಮಾತ್ರ ಉಳಿದಿದೆ. ಅವತ್ತು ರಾತ್ರಿ 1993ರ ಪಂಚಾಯತ್ ರಾಜ್ ಕಾಯ್ದೆ ತೆಗೆದು ಕೂತೆ. ಗ್ರಾಮಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಾತಿ, ಬೇಕು: ಮತದಾರರಲ್ಲಿ ಹತ್ತನೇ ಒಂದು ಪಾಲು ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು.

ಮುಂದಿನ ಮೀಟಿಂಗಿನಲ್ಲಿ ಅದನ್ನೇ ಜೋರಾಗಿ ಓದಿದೆ. ‘ಓದಿರೋಳು ನೀನೊಬ್ಬಳೇನಾ?’ ಎಂದರು ಹಿರಿಯ ಸದಸ್ಯರೊಬ್ಬರು. ಆದರೂ ಸಭೆಯನ್ನು ಮತ್ತೆ ಕರೆಯಲೇಬೇಕಾಯಿತು. ಈ ಸಲ ಬೆಳಿಗ್ಗೆ ಬೇಡ, ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಇಡೋಣ ಎಂದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅಮ್ಮ ಹೇಳಿದ್ದು. ಹಾಗೆ ನೋಡಿದರೆ ಕ್ರಿಯಾಯೋಜನೆ, ಎಸ್ಟಿಮೇಟು ಓದುವುದನ್ನೂ ಕಾಲೇಜು ಕಲಿಸಲಿಲ್ಲ. ಅದನ್ನು ಹೇಳಿಕೊಟ್ಟಿದ್ದು ನಮ್ಮ ಬಿಲ್ ಕಲೆಕ್ಟರ್.

ಸಂಜೆ ಜಗುಲಿ ತುಂಬಿ ಜನ ಅಂಗಳಕ್ಕೂ ಇಳಿದಿದ್ದರು. ಹೆಂಗಸರೇ ಜಾಸ್ತಿ. ವಸತಿ ಯೋಜನೆಯ ಪಟ್ಟಿ ಓದಿದಾಗ ನಾಲ್ಕನೇ ಹೆಸರಿಗೇ ಒಬ್ಬಜ್ಜಿ ಎದ್ದು ನಿಂತರು. ‘ಅವನಿಗೆ ತಾರಸಿ ಮನೆ ಐತಲ್ಲವ್ವಾ, ನನ್ನ ಹೆಂಚು ಸೋರ್ತದೆ.’ ಯಾರೂ ಮಾತಾಡಲಿಲ್ಲ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಪೆನ್ನು ಹಿಡಿದು ನನ್ನ ಕಡೆ ನೋಡಿದರು. ‘ನನ್ನನ್ನು ಯಾಕೆ ಸರ್, ಸಭೆಯನ್ನು ಕೇಳಿ’ ಎಂದೆ. ಕೈ ಎತ್ತಿಸಿದರು.

ಆ ಹೆಸರು ಹೋಯಿತು, ಅಜ್ಜಿಯ ಹೆಸರು ಸೇರಿತು. ತಾರಸಿ ಮನೆಯವರು ನಮ್ಮ ದಾಯಾದಿಗಳೇ. ಹಬ್ಬಕ್ಕೂ ನಮ್ಮ ಮನೆಗೆ ಬರುತ್ತಿಲ್ಲ.